ಮೂರು ಪಾಲಾದ ಮಾತ್ರೆಗಳು

ನನ್ನ ಚಿಕಿತ್ಸಾ ಕಾರ್ಡಿನಲ್ಲಿ ಒಂದೂ ಖಾಲಿ ಚೌಕವಿಲ್ಲ. ಅದು ಹಳದಿ ಬಣ್ಣದ ದಪ್ಪ ಕಾಗದ. ದಿನಕ್ಕೊಂದು ಚೌಕ, ಪ್ರತಿ ಚೌಕದಲ್ಲೂ ನೀಲಿ ಶಾಯಿಯ ಸರಿ ಗುರುತು. ನಾನು ಒಂದು ದಿನವೂ ತಪ್ಪದೆ ಕ್ಷಯರೋಗದ ಮಾತ್ರೆ ನುಂಗಿದೆ ಎಂದು ಅದು ಹೇಳುತ್ತದೆ. ಕೆಳಗೆ ‘ಗುಣಮುಖ’ ಎಂಬ ಮೊಹರಿದೆ.

ಕಾರ್ಡು ಸುಳ್ಳು. ಮೂರನೆಯ ತಿಂಗಳಲ್ಲಿ ಕಣ್ಣು ಹಳದಿಯಾಗಿ, ಕುಡಿದ ನೀರೂ ವಾಂತಿಯಾಗತೊಡಗಿದಾಗ ಡಾಕ್ಟರೇ ಏಳು ದಿನ ಮಾತ್ರೆ ನಿಲ್ಲಿಸಿದ್ದರು. ಆ ಏಳು ಚೌಕಗಳಲ್ಲೂ ಗುರುತಿದೆ. ಗುರುತು ಹಾಕಿದ ಆರೋಗ್ಯ ಸಹಾಯಕಿಯ ಮೇಲೆ ನನಗೆ ಸಿಟ್ಟಿಲ್ಲ. ಚೌಕ ಖಾಲಿ ಇದ್ದರೆ ಮೇಲಿನವರು ಅವರನ್ನು ಕೇಳುತ್ತಾರೆ. ಕೇಂದ್ರದ ಮಾತ್ರೆ ಬೀರು ಖಾಲಿ ಇದ್ದರೆ ಅವರು ಯಾರನ್ನೂ ಕೇಳುವಂತಿಲ್ಲ.

ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ನನ್ನ ನೆನಪೂ ಅಂಥದೇ ಒಂದು ಕಾರ್ಡು. ಖಾಲಿ ಉಳಿದಲ್ಲೆಲ್ಲ ಯಾರೋ ಆಮೇಲೆ ಕೂತು ಸರಿ ಗುರುತು ಹಾಕಿದ್ದಾರೆ, ಮತ್ತು ಆ ಅಕ್ಷರ ನನ್ನದೇ. ಹಾಗಾಗಿ ಇದನ್ನು ಓದುವವರು, ಅದರಲ್ಲೂ ಇದೇ ಕಾಯಿಲೆಯವರು, ನಾನು ಹೇಳಿದ್ದನ್ನೆಲ್ಲ ನಂಬಬೇಕಾಗಿಲ್ಲ. ಕೆಳಗೆ ಒಂದು ಸುಳ್ಳು ಬರುತ್ತದೆ. ಅದು ಬಂದ ಮೇಲೆ ನಾನೇ ತೋರಿಸುತ್ತೇನೆ.

ನನ್ನ ಮನೆ ಹೊನ್ನಾಳಿಯಲ್ಲಿ, ಕೆಲಸ ನ್ಯಾಮತಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ. ಪಿಸಿಎಂ ಮೇಷ್ಟ್ರು, ಅಂದರೆ ಗಣಿತ ಮತ್ತು ವಿಜ್ಞಾನ. ಎರಡು ತಿಂಗಳು ಕೆಮ್ಮಿದೆ. ಸೀಮೆಸುಣ್ಣದ ಧೂಳು ಅಂದುಕೊಂಡೆ. ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾದಾಗ ವಾಕಿಂಗ್ ಫಲಿಸಿತು ಎಂದು ಖುಷಿಪಟ್ಟೆ. ವಿಜ್ಞಾನ ಪಾಠ ಮಾಡುವವನು ನಾನು.

ಪತ್ತೆಯಾದ ದಿನ ಹೆಂಡತಿ ಶಾರದಾ ಅಳಲಿಲ್ಲ. ನನ್ನ ತಟ್ಟೆ, ಲೋಟದ ತಳಕ್ಕೆ ಮಗಳ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟಳು. ತಟ್ಟೆ ಲೋಟದಿಂದ ಇದು ಹರಡುವುದಿಲ್ಲ ಎಂದು ನಾನು ಹೇಳಿದರೆ, “ಗೊತ್ತು. ನನ್ನ ಸಮಾಧಾನಕ್ಕೆ ಇಟ್ಟಿದೀನಿ. ಸುಮ್ನೆ ಉಣ್ರಿ” ಅಂದಳು. ಶಾಲೆಗೆ ಕಾಮಾಲೆ ಎಂದು ರಜೆ ಅರ್ಜಿ ಕೊಟ್ಟೆ. ಅತ್ತೆಗೂ ಕಾಮಾಲೆ, ಅಕ್ಕಪಕ್ಕದವರಿಗೂ ಕಾಮಾಲೆ. ಮೂರನೆಯ ತಿಂಗಳು ಕಣ್ಣು ನಿಜಕ್ಕೂ ಹಳದಿಯಾದಾಗ, ಸುಳ್ಳಿಗೆ ಸಾಕ್ಷಿ ಸಿಕ್ಕಿತೆಂದು ನನಗೆ ಒಳಗೊಳಗೇ ನೆಮ್ಮದಿಯಾಯಿತು. ಈ ನೆಮ್ಮದಿಯ ನೆನಪು ಮಾತ್ರ ಸರಿಯಾಗಿದೆ. ಇಷ್ಟು ನಾಚಿಕೆಗೇಡಿನದನ್ನು ಯಾರೂ ಆಮೇಲೆ ಸೇರಿಸುವುದಿಲ್ಲ.

ದಾವಣಗೆರೆಯಲ್ಲಿ ಎಕ್ಸ್‌ರೇ ತೆಗೆಸಲು ಹೋದ ದಿನ ಕೆಮ್ಮುವವರನ್ನು ಹೊರಗೆ ಮರದ ಕೆಳಗಿನ ಸಿಮೆಂಟ್ ಬೆಂಚಿನಲ್ಲಿ ಕೂರಿಸಿದರು. ನನ್ನ ಎಡಕ್ಕೆ ರುದ್ರಪ್ಪ, ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿನವನು, ಖಾಸಗಿ ಬಸ್ಸಿನ ಕಂಡಕ್ಟರ್. ಬಲಕ್ಕೆ ಹನುಮಕ್ಕ. ಜಗಳೂರಿನ ಹತ್ತಿರದ ಹಳ್ಳಿಯವಳು, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಮೂವತ್ತೈದರ ಆಸುಪಾಸು, ಮೂವತ್ತೆಂಟು ಕೆಜಿ ತೂಕ.

“ಏನು ಕೆಲ್ಸ ಸಾರ್ ನಿಮ್ದು?” ಅಂದ ರುದ್ರಪ್ಪ.

“ಮೇಷ್ಟ್ರು.”

“ಹಂಗಾರೆ ನೀವು ಚಾಕ್‌ಪೀಸಿಂದ ಬಂತು ಅನ್ರಿ. ಈಯಮ್ಮ ಒಲೆ ಹೊಗೆಯಿಂದ ಬಂತು ಅನ್ಲಿ. ನಾನು ಏನನ್ಲಿ? ಟಿಕೆಟ್ ಹರಿದು ಬಂತು ಅನ್ಲಾ?”

ಹನುಮಕ್ಕ ನಗಲು ಹೋಗಿ ಕೆಮ್ಮಿದಳು. ಅವಳ ಕೆಮ್ಮು ಕೇಳಿ ನಾವಿಬ್ಬರೂ ಕೆಮ್ಮಿದೆವು. ರುದ್ರಪ್ಪ ಅಲ್ಲೇ ಫೋನಿನಲ್ಲಿ ಮೂವರ ಗುಂಪು ಮಾಡಿ ‘ಕೆಮ್ಮು ಸಂಘ’ ಎಂದು ಹೆಸರಿಟ್ಟ. ಆ ಆರು ತಿಂಗಳಲ್ಲಿ ನನಗೆ ಸಿಕ್ಕ ಕರುಣೆಯಲ್ಲಿ ಬಹುಪಾಲು ಆ ಗುಂಪಿನಿಂದ ಬಂದದ್ದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ ದಿನ ನಾನು ಹೆದರಿ ಕೂತಿದ್ದಾಗ ಹನುಮಕ್ಕನ ಧ್ವನಿ ಸಂದೇಶ ಬಂತು: “ನಂದೂ ಹಂಗೇ ಐತ್ರಿ ಮೇಷ್ಟ್ರೇ. ಮಾತ್ರೆ ಬಣ್ಣ ಅಂತೆ. ಹೆದರ್ಬ್ಯಾಡ್ರಿ, ಓಕುಳಿ ಆಡೀವಿ ಅಂದ್ಕಳ್ರಿ.”

ಆಕೆಗೆ ಬೇಕಾಗಿದ್ದುದು ಒಂದೇ, ಶಾಲೆಯ ಅಡುಗೆಮನೆಗೆ ವಾಪಸು ಹೋಗುವುದು. ಗುಣವಾಯಿತೆಂಬ ಚೀಟಿ ತಂದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರಂತೆ. ಅಲ್ಲಿಯವರೆಗೆ ಆಕೆಯ ಜಾಗದಲ್ಲಿ ಬೇರೆಯವರು. “ಅಕಿ ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕ್ತಾಳಂತೆ. ಮಕ್ಳು ಹನುಮಕ್ಕ ಯಾವಾಗ ಬರ್ತಾಳೆ ಅಂತ ಕೇಳ್ತಾವಂತೆ” ಎಂದು ಹೇಳಿಕೊಳ್ಳುತ್ತಿದ್ದಳು. ಚಿಕಿತ್ಸೆಯ ಗುರಿ ಏನು ಎಂದು ಯಾವ ಭಿತ್ತಿಪತ್ರ ಏನೇ ಹೇಳಲಿ, ಹನುಮಕ್ಕನ ಮಟ್ಟಿಗೆ ಅದು ಆ ಚೀಟಿ.

ಭಿತ್ತಿಪತ್ರ ಎಂದೆನಲ್ಲ. ನಾನು ಮಾತ್ರೆ ತರುತ್ತಿದ್ದ ಕೇಂದ್ರದ ಗೋಡೆಯ ಮೇಲೆ ಕ್ಷಯಮುಕ್ತ ದೇಶದ ಒಂದು ಭಿತ್ತಿಪತ್ರವಿತ್ತು. ಯಾವ ಇಸವಿಯೊಳಗೆ ಎಂಬುದರ ಮೇಲೆ ಬೇರೆ ಇಸವಿಯ ಚೀಟಿ ಅಂಟಿಸಿದ್ದರು. ಸಾಲಿನಲ್ಲಿ ನಿಂತಾಗ ನಾನು ಅದರ ಅಂಚನ್ನು ಉಗುರಿನಿಂದ ಸ್ವಲ್ಪ ಸ್ವಲ್ಪ ಎಬ್ಬಿಸುತ್ತಿದ್ದೆ. ಕೊನೆಯವರೆಗೂ ಪೂರ್ತಿ ಕೀಳುವ ಧೈರ್ಯ ಮಾಡಲಿಲ್ಲ.

ನಮ್ಮನ್ನು ದತ್ತು ಕೊಡುವ ಕಾರ್ಯಕ್ರಮವೂ ಆಯಿತು. ಊರಿನ ಉಳ್ಳವರು ಒಬ್ಬೊಬ್ಬ ರೋಗಿಯನ್ನು ದತ್ತು ತೆಗೆದುಕೊಂಡು ಬೇಳೆ, ಎಣ್ಣೆ, ಬೆಲ್ಲದ ಚೀಲ ಕೊಡುವುದು. ಆಲೋಚನೆ ಕೆಟ್ಟದ್ದಲ್ಲ, ಬೇಳೆಯೂ ಚೆನ್ನಾಗಿತ್ತು. ಆದರೆ ಚೀಲ ಕೈಗೆ ಬರಬೇಕಾದರೆ ಬ್ಯಾನರಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಬೇಕು. ನಾನು ಹೋಗಲಿಲ್ಲ, ನನ್ನದು ಕಾಮಾಲೆ ತಾನೆ. ಹನುಮಕ್ಕ ಹೋದಳು. “ಈ ವಯಸ್ನಾಗೆ ದತ್ತು ಹೋದೆ ಮೇಷ್ಟ್ರೇ. ನಮ್ಮಪ್ಪ ಅಕ್ಕಿ ಗಿರಣಿ ಓನರು. ಆಸ್ತಿನಾಗೆ ಪಾಲು ಕೇಳಾಕೆ ಬರ್ತೈತಾ, ನೀವು ಓದ್ದೋರು, ಒಸಿ ನೋಡಿ ಹೇಳ್ರಿ” ಅಂದಳು. ಚೀಲ ಕೊಟ್ಟ ಮರುವಾರ ಆಕೆಯ ಕೇಂದ್ರದಲ್ಲಿ ಮಾತ್ರೆ ಮುಗಿಯಿತು. ಅದರ ಫೋಟೊ ಯಾರೂ ತೆಗೆಯಲಿಲ್ಲ.

‘ಮೇಲಿಂದ ಬಂದಿಲ್ಲ.’ ಮೂರು ತಾಲೂಕುಗಳಲ್ಲೂ ಇದೇ ಮಾತು. ಮೇಲೆ ಎಂದರೆ ಎಲ್ಲಿ ಎಂದು ಕೇಳಿದರೆ ಇನ್ನೂ ಮೇಲೆ. ನಾನು ಹೊನ್ನಾಳಿಯ ಔಷಧದ ಅಂಗಡಿಗಳನ್ನೆಲ್ಲ ಸುತ್ತಿದೆ. ಒಬ್ಬ ಅಂಗಡಿಯವರು ಮಾತ್ರ ಬಾಗಿಲಾಚೆ ಕರೆದು ಹೇಳಿದರು: “ಸರ್ಕಾರದೋರು ಪುಕ್ಕಟೆ ಕೊಡ್ತಾರೆ ಅಂತ ನಾವು ತರಿಸೋದು ಬಿಟ್ಟು ವರ್ಷಗಳಾದ್ವು ಮೇಷ್ಟ್ರೇ. ಇದ್ರಾಗೆ ಕಂಪನಿಗೆ ಏನೈತಿ? ಆರು ತಿಂಗ್ಳು ನುಂಗ್ತೀರಿ, ವಾಸಿಯಾಗಿ ಹೋಗ್ತೀರಿ. ಬಿಪಿ, ಶುಗರ್ ಹಂಗಲ್ಲ, ಅವು ಸಂಸಾರ ಇದ್ದಂಗೆ. ಮಾತ್ರೆ ಯಾರಿಗೆ ಬೇಕ್ರೀ ಸಾರ್?”

“ನಮ್ಮ ಮನೆ ಹತ್ತಿರದವರೊಬ್ಬರಿಗೆ” ಅಂದೆ.

ನನ್ನ ಅದೃಷ್ಟ, ಕೊರತೆ ಶುರುವಾಗುವ ಮುಂಚಿನ ವಾರವಷ್ಟೇ ನನಗೆ ಒಂದು ತಿಂಗಳಿನದು ಸಿಕ್ಕಿತ್ತು. ಒಂದೊಂದರಲ್ಲಿ ಇಪ್ಪತ್ತೆಂಟು ಮಾತ್ರೆಗಳ, ಇನ್ನೂ ಮುಟ್ಟದ ನಾಲ್ಕು ಹಾಳೆ. ರುದ್ರಪ್ಪನ ಹತ್ತಿರ ಒಂದು ಹಾಳೆ ಉಳಿದಿತ್ತು. ಹನುಮಕ್ಕನ ಹತ್ತಿರ ಏನೂ ಇರಲಿಲ್ಲ. ಗುಂಪಿನಲ್ಲಿ ರುದ್ರಪ್ಪ ಬರೆದ: ‘ಇದ್ದಿದ್ದು ಒಟ್ಟು ಹಾಕೋಣ. ಮೇಷ್ಟ್ರು ಪಾಲು ಮಾಡ್ಲಿ.’

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಮೂರನೆಯವರನ್ನು, ಹೆಚ್ಚಾಗಿ ಮೇಷ್ಟ್ರನ್ನು, ಪಾಲು ಮಾಡಲು ಕರೆಯುತ್ತಾರೆ. ನಾನು ಅಂಥ ಮೂರು ಪಾಲು ಮಾಡಿಕೊಟ್ಟಿದ್ದೇನೆ. ಹೊಲ, ಪಾತ್ರೆ, ಒಮ್ಮೆ ಒಂದು ಬಾವಿ. ಪಾಲು ಮಾಡಿದವನಿಗೂ ಅದರಲ್ಲಿ ಭಾಗವಿದ್ದರೆ ಅವನು ಕೊನೆಗೆ ಎತ್ತಿಕೊಳ್ಳಬೇಕು ಎಂಬುದು ರೂಢಿ. ಆಗ ಕೈ ವಾಲುವುದಿಲ್ಲ.

ಚಂದ್ರನ ಮೇಲೆ ನಮ್ಮ ನೌಕೆ ಇಳಿಯಬೇಕಿದ್ದ ದಿನ ಬೆಳಗ್ಗೆ ಅರ್ಧ ದಿನ ರಜೆ ಹಾಕಿ ದಾವಣಗೆರೆಗೆ ಹೋದೆ. ಖಾಸಗಿ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನ ಹಿಂದಿನ ಟೇಬಲ್ಲು. ಶಾರದಾಳ ಹೊಲಿಗೆ ಕತ್ತರಿ ಒಯ್ದಿದ್ದೆ. ಐದು ಹಾಳೆ, ನೂರ ನಲವತ್ತು ಮಾತ್ರೆ. ತೂಕದ ಪ್ರಕಾರ ನನಗೆ ದಿನಕ್ಕೆ ನಾಲ್ಕು, ರುದ್ರಪ್ಪನಿಗೆ ನಾಲ್ಕು, ಹನುಮಕ್ಕನಿಗೆ ಮೂರು. ದಿನಕ್ಕೆ ಹನ್ನೊಂದರಂತೆ ಹನ್ನೆರಡು ದಿನಕ್ಕೆ ಮುಗಿಯುತ್ತದೆ.

“ದಿನ ಬಿಟ್ಟು ದಿನ ನುಂಗಿದ್ರೆ?” ಅಂದ ರುದ್ರಪ್ಪ. “ನಮ್ಮಣ್ಣಗೆ ಬಂದಾಗ ಸರ್ಕಾರದೋರೇ ದಿನ ಬಿಟ್ಟು ದಿನ ಕೊಡ್ತಿದ್ರು ಸಾರ್. ಗುಂಡುಕಲ್ಲಿನಂಗೆ ಅದಾನೆ.”

ಅದು ನಿಜ. ಹಿಂದೆ ಹಾಗೆ ಕೊಡುತ್ತಿದ್ದರು. ಆಮೇಲೆ ದಿನವೂ ಎಂದು ಬದಲಾಯಿಸಿದರು. ಹಳೆಯ ಪದ್ಧತಿಯಲ್ಲಿ ಒಂದು ದಿನದ ಪ್ರಮಾಣವೇ ಬೇರೆ ಇತ್ತು ಎಂಬುದು ನನಗೆ ಹೊಳೆಯಲಿಲ್ಲ. ಡಾಕ್ಟರನ್ನು ಕೇಳೋಣ ಎಂದೂ ಅನ್ನಿಸಲಿಲ್ಲ. ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿರುವುದು ತಪ್ಪು, ಎಲ್ಲರಿಗೂ ಸಮ ಬಂದರೆ ಸರಿ ಎಂದುಕೊಂಡು, ಹನ್ನೆರಡು ದಿನದ್ದನ್ನು ದಿನ ಬಿಟ್ಟು ದಿನ ಇಪ್ಪತ್ತನಾಲ್ಕು ದಿನ ನುಂಗಲು ಮೂವರೂ ಒಪ್ಪಿದೆವು. ಅದು ಹೊಲಕ್ಕೆ ಸರಿ. ರೋಗಾಣುವಿಗೆ ಅರ್ಧ ಹೊಟ್ಟೆಯ ಔಷಧ ಅಭ್ಯಾಸದ ಪಾಠವಿದ್ದಂತೆ. ದಯವಿಟ್ಟು ಯಾರೂ ನಾವು ಮಾಡಿದ್ದನ್ನು ಮಾಡಬೇಡಿ.

ನನಗೆ ನಲವತ್ತೆಂಟು, ರುದ್ರಪ್ಪನಿಗೆ ನಲವತ್ತೆಂಟು, ಹನುಮಕ್ಕನಿಗೆ ಮೂವತ್ತಾರು. ಎಂಟು ಮಿಕ್ಕಿದವು. ಅವನ್ನೂ ಹನುಮಕ್ಕನ ಕಡೆಗೆ ಸರಿಸಿದೆ. “ಅಯ್ಯೋ, ನನಗ್ಯಾಕ್ರಿ?” ಅಂದಳು. “ಇರಲಿ, ಇಟ್ಟುಕೊಳ್ಳಿ” ಅಂದೆ. ರೂಢಿಯ ಪ್ರಕಾರ ನನ್ನ ಪಾಲನ್ನು ಕೊನೆಗೆ ಎತ್ತಿಕೊಂಡೆ. ಹನುಮಕ್ಕ ಕೈ ಮುಗಿದಳು. ರುದ್ರಪ್ಪ ಚಹಾ ಹೇಳಿದ.

ಸಂಜೆಗೆ ಶಾಲೆಗೆ ಮರಳಿದೆ. ಪ್ರೊಜೆಕ್ಟರ್ ಹಾಕಿದ್ದರು, ಮಕ್ಕಳು ಮನೆಗೆ ಹೋಗದೆ ಕಾದಿದ್ದರು. ವಿವರಿಸುವುದು ನನ್ನ ಕೆಲಸ. ಇಳಿಯುವ ಕ್ಷಣವನ್ನು ಮೊದಲು ನಿಗದಿ ಮಾಡಿ ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರುತ್ತಾರೆ. ಎಲ್ಲಿ ಎಷ್ಟು ಇಂಧನ ಉಳಿದಿರಬೇಕು ಎಂದು ಗ್ರಾಮಿನವರೆಗೆ ಮೊದಲೇ ಗೊತ್ತಿರುತ್ತದೆ ಎಂದೆ. ಹೇಳುತ್ತಿದ್ದಾಗ ಜೇಬಿನಲ್ಲಿ ಕತ್ತರಿಸಿದ ಹಾಳೆಯ ಚೂಪು ಅಂಚು ಎದೆಗೆ ಚುಚ್ಚುತ್ತಿತ್ತು. ನೌಕೆ ಇಳಿಯಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕಣ್ಣಲ್ಲಿ ನೀರು ಬಂತೆಂದು ನೆನಪು, ಆದರೆ ಅದನ್ನು ನಾನು ನಂಬುವುದಿಲ್ಲ.

ರಾಕೆಟ್ಟಿನ ದುಡ್ಡಿನಲ್ಲಿ ಮಾತ್ರೆ ತರಬಹುದಿತ್ತು ಎಂದು ನಾನು ಹೇಳುತ್ತಿಲ್ಲ. ಅದು ಹೋಟೆಲಿನ ವಾದ, ಎರಡೂ ಒಂದೇ ಜೇಬಿನದಲ್ಲ ಎಂದರೆ ಮುಗಿಯಿತು. ನನ್ನ ಅನುಮಾನ ಬೇರೆ. ಹಿಂದಕ್ಕೆ ಎಣಿಸುವುದು ಈ ದೇಶಕ್ಕೆ ಬರುವುದಿಲ್ಲ ಎಂದು ನಾನು ಅಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಆ ಸಂಜೆ ಆ ಸಮಾಧಾನ ಹೋಯಿತು. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಯಾವ ರೋಗಿಯ ಮಾತ್ರೆ ಯಾವ ದಿನ ಮುಗಿಯುತ್ತದೆ ಎಂಬುದು ಚಂದ್ರನಿಗಿಂತ ಸುಲಭದ ಲೆಕ್ಕ, ನನ್ನ ಎಂಟನೆಯ ತರಗತಿಯವರು ಮಾಡುತ್ತಾರೆ. ಜಗಳೂರಿನ ಹಳ್ಳಿಯೊಂದರ ಬೀರು ಖಾಲಿಯಾಗುವ ಗಳಿಗೆಯನ್ನು ಪರದೆಯ ಮುಂದೆ ಕೂತು, ಉಸಿರು ಬಿಗಿಹಿಡಿದು ನೋಡುವವರು ಮಾತ್ರ ಯಾರೂ ಇಲ್ಲ. ಅಲ್ಲಿ ಚಪ್ಪಾಳೆಗೆ ಅವಕಾಶವಿಲ್ಲ.

ಇಪ್ಪತ್ತನಾಲ್ಕು ದಿನ ಕಳೆಯಿತು. ಹೊನ್ನಾಳಿಗೂ ಸಂತೇಬೆನ್ನೂರಿಗೂ ಮಾತ್ರೆ ಬಂದವು. ಹನುಮಕ್ಕನ ಕೇಂದ್ರಕ್ಕೆ ಬರಲು ಇನ್ನೂ ಎರಡು ವಾರ ಬೇಕಾಯಿತು. ಆ ಎರಡು ವಾರ ರುದ್ರಪ್ಪ ತನ್ನ ಹೊಸ ಸ್ಟಾಕಿನಿಂದ ಅಷ್ಟಿಷ್ಟು ಬಸ್ಸಿನಲ್ಲಿ ಕಳಿಸಿದ. ಕೊನೆಗೆ ನನ್ನ ಕಫ ಪರೀಕ್ಷೆ ಸರಿ ಬಂತು, ರುದ್ರಪ್ಪನದೂ ಸರಿ ಬಂತು. ಹನುಮಕ್ಕನದು ಬರಲಿಲ್ಲ. ಹಳೆಯ ಮಾತ್ರೆಗಳಿಗೆ ಆ ರೋಗಾಣು ಈಗ ಬಗ್ಗುವುದಿಲ್ಲ ಎಂದು ಎರಡನೆಯ ಪರೀಕ್ಷೆ ಹೇಳಿತು.

ಆಗ ಹೊಸ ಔಷಧಗಳು ಶುರುವಾದವು, ದೀರ್ಘ ಕಾಲಕ್ಕೆ. ಅವುಗಳ ಪೈಕಿ ಒಂದನ್ನು ಇಷ್ಟು ವರ್ಷ ಮಾಡುವ ಹಕ್ಕಿದ್ದದ್ದು ಒಂದೇ ಕಂಪನಿಗೆ ಎಂದು ಡಾಕ್ಟರು ಅಭಿಮಾನವೋ ಬೇಸರವೋ ತಿಳಿಯದ ದನಿಯಲ್ಲಿ ಹೇಳಿದರು. ನನಗೆ ಅಂಗಡಿಯವರ ಮಾತು ನೆನಪಾಯಿತು. ಸುಲಭವಾಗಿ ವಾಸಿಯಾಗುವ ರೋಗಿ ಯಾರಿಗೂ ಬೇಡ. ಕೆಟ್ಟ ಮೇಲೆ ನಾವು ಹೊಸ ಔಷಧಕ್ಕೆ ಯೋಗ್ಯರಾಗುತ್ತೇವೆ.

“ನಾವು ಹಂಚಿಕೊಂಡದ್ದರಿಂದ ಹೀಗಾಯಿತೇ?” ಎಂದು ನಾನು ಡಾಕ್ಟರನ್ನು ಕೇಳಿದೆ.

“ಹೇಳಕ್ಕಾಗಲ್ಲ ಮೇಷ್ಟ್ರೇ. ಮೊದ್ಲೇ ಇದ್ದಿರಬಹುದು. ಹಂಚಿಕೊಂಡ ಇನ್ನೊಬ್ಬರು ಆರಾಮಾಗಿದಾರಲ್ಲ. ಆದ್ರೆ ಮಾಡಬಾರದಿತ್ತು.”

ಇಲ್ಲಿಗೆ ಬರುವ ಹೊತ್ತಿಗೆ ಒಂದು ಚೊಕ್ಕ ಕಥೆ ಸಿದ್ಧವಾಗಿದೆ. ಕೈಬಿಟ್ಟ ವ್ಯವಸ್ಥೆ, ಹಂಚಿಕೊಂಡ ಬಡವರು, ನಿಯತ್ತಿನ ಮೇಷ್ಟ್ರು. ಒಂದು ವರ್ಷ ನಾನು ಇದನ್ನೇ ಶಾರದಾಳಿಗೆ ಹೇಳಿದೆ, ನನಗೂ ಹೇಳಿಕೊಂಡೆ.

ಸುಳ್ಳು ಇರುವುದು ಹಾಳೆಗಳ ಸಂಖ್ಯೆಯಲ್ಲಿ. ನನ್ನ ಹತ್ತಿರ ಇದ್ದದ್ದು ನಾಲ್ಕಲ್ಲ, ಐದು. ಡಾಕ್ಟರು ನಿಲ್ಲಿಸಿದ ಆ ಏಳು ದಿನದ್ದು ಮಿಕ್ಕಿತ್ತು. ದಿನಕ್ಕೆ ನಾಲ್ಕರಂತೆ ಇಪ್ಪತ್ತೆಂಟು, ಸರಿಯಾಗಿ ಒಂದು ಹಾಳೆ. ಕಾರ್ಡಿನ ಪ್ರಕಾರ ಅದು ಆಗಲೇ ನನ್ನ ಹೊಟ್ಟೆಯಲ್ಲಿತ್ತು, ಹಾಗಾಗಿ ಅದಕ್ಕೆ ಲೆಕ್ಕವೇ ಇರಲಿಲ್ಲ. ನಾನು ಅದನ್ನು ಸ್ಟಾಫ್ ರೂಮಿನ ಡ್ರಾಯರಿನಲ್ಲಿ ಒಂದು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟಿದ್ದೆ. ಪಾಲಿನ ದಿನ ಅದು ನೆನಪಿಗೆ ಬರಲಿಲ್ಲ, ಆಮೇಲೆ ಸಿಕ್ಕಿದಾಗ, ಪಾಲಿನ ಮಾತ್ರೆ ಇಲ್ಲದ ನಡುವಿನ ದಿನಗಳಲ್ಲಿ ನುಂಗಿದೆ ಎಂದು ನಾನು ನಂಬಿದ್ದೆ. ನಿಜವಾಗಿ ನಂಬಿದ್ದೆ.

ಮೊನ್ನೆ ಇದನ್ನು ಬರೆಯುತ್ತ ಶಾರದಾಳಿಗೆ ಓದಿ ತೋರಿಸಿದೆ.

“ಮರೆತಿದ್ರಾ?” ಅಂದಳು. “ದಾವಣಗೆರೆಗೆ ಹೋಗೋ ಹಿಂದಿನ ದಿನ ಮಗಳ ಹಳೇ ಜಾಮಿಟ್ರಿ ಬಾಕ್ಸ್ ಎಲ್ಲೈತೆ ಅಂತ ನೀವೇ ಅಟ್ಟ ಹುಡುಕಿಸಿದ್ರಲ್ರೀ. ಯಾಕೆ ಅಂದಿದ್ದಕ್ಕೆ, ಶಾಲೆನಲ್ಲಿ ಬೇಕು ಅಂದ್ರಿ.”

ಅಷ್ಟೇ. ಒಂದು ವಾಕ್ಯಕ್ಕೆ ಒಂದು ವರ್ಷದ ಮರೆವು ಹೋಯಿತು. ನನಗೆ ಅಟ್ಟವೂ ನೆನಪಾಯಿತು, ಧೂಳಿಗೆ ಬಂದ ಕೆಮ್ಮೂ ನೆನಪಾಯಿತು. ಅಥವಾ ಅವಳು ಹೇಳಿದ ಮೇಲೆ ನೆನಪನ್ನು ಮಾಡಿಕೊಂಡೆನೋ. ಎರಡರಲ್ಲಿ ಯಾವುದೇ ಆಗಿರಲಿ, ಆ ಹಾಳೆಯನ್ನು ನಾನು ಪಾಲಿಗೆ ಮೊದಲೇ ಬಚ್ಚಿಟ್ಟಿದ್ದೆ.

ಮರುದಿನ ಬಸ್ಸು ಹತ್ತಿ ಜಗಳೂರಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಆಕೆಯ ಹಳ್ಳಿಗೆ ಹೋದೆ. ಹನುಮಕ್ಕ ಮನೆಯ ಮುಂದಿನ ಕಟ್ಟೆಯಲ್ಲಿ ಬೀಜಕ್ಕೆಂದು ಶೇಂಗಾ ಸುಲಿಯುತ್ತಿದ್ದಳು. ಹೊಸ ಔಷಧದಲ್ಲಿ ಒಂದು ಚರ್ಮವನ್ನು ಕಪ್ಪಾಗಿಸುತ್ತದೆ ಎಂದು ಕೇಳಿದ್ದೆ. ಮುಖ, ಕೈ ಎಲ್ಲ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು.

“ಬರ್ರಿ ಮೇಷ್ಟ್ರೇ. ಗುರ್ತು ಹತ್ತಿತಾ? ಮಕ್ಳು ಹೆದರ್ತಾವೆ. ಅಡುಗೆಮನೆ ಆಸೆ ಬಿಟ್ಟೀನಿ. ಇನ್ನು ನಾನು ಬಡಿಸಿದ್ದು ಯಾರು ಉಣ್ತಾರೆ?”

ನಾನು ನಿಂತೇ ಹೇಳಿದೆ. ಆಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಎಷ್ಟು ಮಾತ್ರೆ ಇದ್ವು?”

“ಇಪ್ಪತ್ತೆಂಟು.”

“ನನ್ಗೆ ಜಾಸ್ತಿ ಅಂತ ಎಂಟು ಕೊಟ್ರಲ್ಲ. ಅವೂ ಸೇರಿದ್ರೆ?”

“ಮೂವತ್ತಾರು.”

“ದಿನಕ್ಕೆ ಮೂರರಂಗೆ ಎಷ್ಟು ದಿನಕ್ಕಾಗ್ತಿತ್ತು?”

“ಹನ್ನೆರಡು.”

“ಆ ಇಪ್ಪತ್ನಾಕು ದಿನದಾಗೆ ನಂದು ಖಾಲಿ ಬಿದ್ದ ದಿನ ಎಷ್ಟು?”

ನನಗೆ ಅಲ್ಲಿಯವರೆಗೂ ಆ ಲೆಕ್ಕ ಕಂಡಿರಲಿಲ್ಲ. ಗಣಿತದ ಮೇಷ್ಟ್ರಿಗೆ.

“ಹನ್ನೆರಡು” ಅಂದೆ.

ಆಕೆ ತಲೆಯಾಡಿಸಿದಳು, ಉತ್ತರ ಸರಿ ಎಂಬಂತೆ. ಇನ್ನೊಂದು ಹಿಡಿ ಶೇಂಗಾ ಮಡಿಲಿಗೆ ಎಳೆದುಕೊಂಡಳು.

“ಇದನ್ನ ಈಗ ಯಾಕೆ ಹೇಳಾಕೆ ಬಂದ್ರಿ?”

“ಹೇಳದೆ ಇರಲು ಆಗಲಿಲ್ಲ, ಹನುಮಕ್ಕ.”

“ಹೂಂ. ನಿಮ್ಗೆ ಹಗುರ ಆಗ್ಲಿ ಅಂತ. ಅವತ್ತು ಮಾತ್ರೆ ಪಾಲು ಮಾಡಿದ್ರಿ, ಇವತ್ತು ಇದನ್ನ ನನಗೊಂದು ಪಾಲು ಕೊಡಾಕೆ ಬಂದೀರಿ. ಒಯ್ರಿ ಮೇಷ್ಟ್ರೇ, ಇದು ಪೂರ್ತಿ ನಿಮ್ದೇ.”

ಡಾಕ್ಟರು ಹೇಳಿದ್ದನ್ನು, ಮೊದಲೇ ಇದ್ದಿರಬಹುದು ಎಂಬುದನ್ನು ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ಅದರ ಬದಲು, ಇದನ್ನೆಲ್ಲ ಬರೆಯುತ್ತಿದ್ದೇನೆ, ನಿಮ್ಮ ಹೆಸರು ಬದಲಾಯಿಸುತ್ತೇನೆ ಎಂದೆ.

“ಯಾಕೆ ಬದ್ಲಾಯಿಸ್ತೀರಿ? ಬ್ಯಾನರ್ ಕೆಳಗೆ ನಿಂತು ಫೋಟೊ ತೆಗೆಸ್ಕಂಡೋಳು ನಾನು. ಹನುಮಕ್ಕ ಅಂತಾನೇ ಬರೀರಿ.” ಅಂಗೈಯ ಕಾಳನ್ನು ಮೊರಕ್ಕೆ ಸುರಿದು ಮೊದಲ ಸಲ ನನ್ನ ಮುಖ ನೋಡಿದಳು. “ನಿಮ್ದು? ಶಾಲೆನಾಗೆ ಇನ್ನೂ ಕಾಮಾಲೆನೇನಾ?”

ನಾನು ಕೆಳಗೆ ಬಿದ್ದ ಒಂದು ಕಾಳನ್ನು ಹೆಕ್ಕಿ ಮೊರಕ್ಕೆ ಹಾಕಿದೆ.

“ಹಂಗಾರೆ ಕಾಮಾಲೆ ಮೇಷ್ಟ್ರು ಅಂತ ಹಾಕ್ಕಳ್ರಿ” ಎಂದು ನಕ್ಕಳು. ಬೆಂಚಿನ ದಿನದ ಅದೇ ನಗು, ಅದರ ಹಿಂದೆಯೇ ಕೆಮ್ಮು. ಈ ಸಲ ಅವಳೊಬ್ಬಳೇ ಕೆಮ್ಮಿದಳು.

ಚಹಾ ಕುಡಿದು ಹೋಗಿ ಎಂದು ಆಕೆ ಅನ್ನಲಿಲ್ಲ. ಹಾಗೆ ಅಂದಳು ಎಂದು ಮುಂದೊಂದು ದಿನ ನನಗೆ ನೆನಪಾಗಬಹುದು, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ. ಅನ್ನಲಿಲ್ಲ.

ಹನುಮಕ್ಕ ಎಂಬುದು ಆಕೆಯ ನಿಜವಾದ ಹೆಸರು. ರುದ್ರಪ್ಪನೂ ತನ್ನ ಹೆಸರು ಹಾಕಿ ಎಂದ. ಈ ಬರಹವನ್ನು ನಾನು ಮೂರು ಸಲ ತಿದ್ದಿ ಬರೆದಿದ್ದೇನೆ. ಮೂರು ಸಲವೂ ಎಲ್ಲ ತುಂಬಿ, ಕೆಳಗೆ ಬರೆದವರ ಹೆಸರಿಗೆಂದು ಬಿಟ್ಟ ಜಾಗಕ್ಕೆ ಬಂದು ಪೆನ್ನಿನ ಮುಚ್ಚಳ ಹಾಕಿದ್ದೇನೆ. ಆ ಒಂದು ಚೌಕ ಖಾಲಿ ಇದೆ.